ರಾಷ್ಟ್ರಪತಿ ಹುದ್ದೆಗೆ ಯಾರು? ಕೊಡಗಿನ 262 ಮತಗಳಿಂದ ಲೆಕ್ಕ ಶುರು ಮಾಡೋಣ

ದ್ರೌಪದಿ ಮುರ್ಮು ರಾಷ್ಟ್ರಪತಿಯಾಗಿ ಪ್ರಮಾಣ ವಚನ ತೆಗೆದುಕೊಂಡಿದ್ದು 2022ರ ಜುಲೈ 25ರಂದು. 2027ರ ಜುಲೈ 24ಕ್ಕೆ ಅವರ ಐದು ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಮುಂದಿನವರ ಆಯ್ಕೆ ಆಗಿರಬೇಕು. ಹಾಗಾಗಿ ಹೆಸರುಗಳು ಓಡಾಡುವುದು ಸಹಜ. ಒಂದು ದಿನ ಉಪರಾಷ್ಟ್ರಪತಿಯ ಹೆಸರು. ಇನ್ನೊಂದು ದಿನ ಯಾವುದೋ ರಾಜ್ಯಪಾಲರ ಹೆಸರು. ಆಮೇಲೆ "ಈ ಸಲ ದಕ್ಷಿಣಕ್ಕೆ", "ಈ ಸಲ ಕನ್ನಡಿಗರಿಗೆ" ಅನ್ನುವ ಮಾತು.

ಮಡಿಕೇರಿಯಲ್ಲೋ ಗೋಣಿಕೊಪ್ಪಲಿನಲ್ಲೋ ಕೂತು ಇದನ್ನೆಲ್ಲ ಓದುವವರಿಗೆ ಗೊಂದಲ ಆಗುವುದು ಹೆಸರುಗಳಿಂದಲ್ಲ. ಈ ಚುನಾವಣೆಯ ಲೆಕ್ಕದಿಂದ. ನಾವು ಮತ ಹಾಕುವುದಿಲ್ಲ, ನಮ್ಮ ಎಂಎಲ್‌ಎ ಹಾಕುತ್ತಾರೆ. ಅವರ ಒಂದು ಮತ 131 ಮತಕ್ಕೆ ಸಮ. ಸಂಸದರ ಮತ 700ಕ್ಕೆ ಸಮ. ಎಂಎಲ್‌ಸಿಗೆ ಮತವೇ ಇಲ್ಲ. ಇದೇನು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಯಾರು ನಿಲ್ಲಬಹುದು ಅನ್ನುವ ಪ್ರಶ್ನೆಗೆ ಉತ್ತರ ಇರುವುದು ಈ ವಿಚಿತ್ರ ಲೆಕ್ಕದಲ್ಲೇ. ಅದನ್ನು ಬಿಟ್ಟು ಹೆಸರು ಹುಡುಕಿದರೆ ಏನೂ ಸಿಗುವುದಿಲ್ಲ.

131 ಎಲ್ಲಿಂದ ಬಂತು?

ರಾಷ್ಟ್ರಪತಿಯನ್ನು ಆರಿಸುವವರು ಮೂರು ಗುಂಪಿನವರು. ಲೋಕಸಭೆಗೆ ಆಯ್ಕೆಯಾದ 543 ಸದಸ್ಯರು, ರಾಜ್ಯಸಭೆಗೆ ಆಯ್ಕೆಯಾದ 233 ಸದಸ್ಯರು, ಮತ್ತು ಎಲ್ಲ ರಾಜ್ಯಗಳ ಜೊತೆಗೆ ದೆಹಲಿ, ಪುದುಚೇರಿಯ ಶಾಸಕರು. ನಾಮಕರಣಗೊಂಡವರಿಗೆ ಮತ ಇಲ್ಲ. ವಿಧಾನ ಪರಿಷತ್ತಿನವರಿಗೂ ಇಲ್ಲ. ಕೊಡಗು ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ 2021ರಲ್ಲಿ ಗೆದ್ದ ಸುಜಾ ಕುಶಾಲಪ್ಪ ಅವರಿಗೆ ಮತ ಇಲ್ಲದಿರುವುದು ಈ ಕಾರಣಕ್ಕೆ. ಎಲ್ಲ ರಾಜ್ಯಗಳಲ್ಲೂ ಪರಿಷತ್ತು ಇಲ್ಲ. ಇರುವ ಕಡೆ ಮಾತ್ರ ಮತ ಕೊಟ್ಟರೆ ಸಮತೋಲ ತಪ್ಪುತ್ತದೆ.

ಸಮತೋಲವೇ ಇಲ್ಲಿ ಮುಖ್ಯ. ಉತ್ತರ ಪ್ರದೇಶದ ಒಬ್ಬ ಶಾಸಕ ಪ್ರತಿನಿಧಿಸುವ ಜನ ಜಾಸ್ತಿ, ಸಿಕ್ಕಿಂನ ಶಾಸಕ ಪ್ರತಿನಿಧಿಸುವ ಜನ ಬಹಳ ಕಡಿಮೆ. ಇಬ್ಬರ ಮತವೂ ಒಂದೇ ತೂಗಿದರೆ ನ್ಯಾಯ ಆಗುವುದಿಲ್ಲ. ಅದಕ್ಕೇ ಸಂವಿಧಾನ ಒಂದು ಸೂತ್ರ ಇಟ್ಟಿದೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಬೇಕು. ಬಂದದ್ದನ್ನು 1,000ದಿಂದ ಭಾಗಿಸಬೇಕು. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 2 ಕೋಟಿ 93 ಲಕ್ಷ. ಶಾಸಕರು 224. ಭಾಗಿಸಿದರೆ ಒಬ್ಬ ಶಾಸಕರಿಗೆ 131. ಅದೇ ಸೂತ್ರದಲ್ಲಿ ಉತ್ತರ ಪ್ರದೇಶಕ್ಕೆ 208, ಪಕ್ಕದ ಕೇರಳಕ್ಕೆ 152, ಸಿಕ್ಕಿಂಗೆ 7.

ಮಡಿಕೇರಿಯ ಡಾ. ಮಂತರ್ ಗೌಡ ಮತ್ತು ವಿರಾಜಪೇಟೆಯ ಎ.ಎಸ್. ಪೊನ್ನಣ್ಣ ಅವರ ಮತ ಸೇರಿದರೆ 262. ಸಿಕ್ಕಿಂನ ಇಡೀ ವಿಧಾನಸಭೆ, ಅಂದರೆ 32 ಶಾಸಕರು, ಒಟ್ಟಿಗೆ ಸೇರಿದರೂ 224. ಕೊಡಗಿನ ಇಬ್ಬರ ಮುಂದೆ ಒಂದು ರಾಜ್ಯವೇ ಹಗುರ.

ಸಂಸದರ ಲೆಕ್ಕ ಬೇರೆ. ದೇಶದ ಎಲ್ಲ ಶಾಸಕರ ಮತಮೌಲ್ಯ ಕೂಡಿ, ಅದನ್ನು 776 ಸಂಸದರಿಗೆ ಸಮವಾಗಿ ಹಂಚುತ್ತಾರೆ. 2022ರಲ್ಲಿ ಶಾಸಕರ ಒಟ್ಟು ಮೌಲ್ಯ 5,43,231. ಹಂಚಿದಾಗ ಒಬ್ಬ ಸಂಸದರಿಗೆ 700. ಅದಕ್ಕೆ ಮೊದಲು, 2017ರಲ್ಲಿ, 708 ಇತ್ತು. 2022ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ವಿಧಾನಸಭೆ ಇರಲಿಲ್ಲ, ಅದಕ್ಕೇ ಕಡಿಮೆಯಾಯಿತು. 2024ರಲ್ಲಿ ಅಲ್ಲಿ 90 ಶಾಸಕರ ಸಭೆ ಮತ್ತೆ ಬಂತು. ಆದರೆ ಅದು ಈಗ ಕೇಂದ್ರಾಡಳಿತ ಪ್ರದೇಶ. ಸಂವಿಧಾನದ 54ನೇ ವಿಧಿಯಲ್ಲಿ ದೆಹಲಿ, ಪುದುಚೇರಿಯ ಹೆಸರು ಮಾತ್ರ ಸೇರಿಸಿದ್ದಾರೆ. ಹಾಗಾಗಿ ಕಾಶ್ಮೀರದ ಶಾಸಕರು ಮತ ಹಾಕಬಹುದೇ ಅನ್ನುವುದೇ ಮೊದಲು ಇತ್ಯರ್ಥವಾಗಬೇಕು.

ಮೈಸೂರು-ಕೊಡಗು ಸಂಸದ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಬಿಜೆಪಿಯವರು. ಇಬ್ಬರು ಶಾಸಕರು ಕಾಂಗ್ರೆಸ್. ಇಬ್ಬರನ್ನೂ ಸೇರಿಸಿದರೆ 262, ಸಂಸದರೊಬ್ಬರದೇ ಸುಮಾರು 700. ಪಕ್ಷದ ಲೆಕ್ಕದಲ್ಲಿ ಹೇಳಿದರೆ, ವಿಧಾನಸಭೆಗೆ ಪೂರ್ತಿ ಕಾಂಗ್ರೆಸ್ ಆಗಿರುವ ಕೊಡಗು ಈ ಚುನಾವಣೆಯಲ್ಲಿ ಬಿಜೆಪಿ ಕಡೆಗೇ ವಾಲುತ್ತದೆ. ಸಂಸದರ ಮತದಲ್ಲಿ ಮೈಸೂರಿನ ಪಾಲೇ ದೊಡ್ಡದು ಅನ್ನುವುದು ನಿಜ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಆರು ಆ ಕಡೆಯವು.

ಮೂರು ಎರಡಾದಾಗ

ಕೊಡಗಿಗೆ ಮೊದಲು ಈ ಚುನಾವಣೆಯಲ್ಲಿ 393 ಮತ ಇತ್ತು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಅಂತ ಮೂರು ಕ್ಷೇತ್ರ ಇದ್ದ ಕಾಲ ಅದು. 2008ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಯಿತು. ಅದರ ಜೊತೆ 131 ಮತವೂ ಹೋಯಿತು. ಲೋಕಸಭೆಗೆ ಮಂಗಳೂರಿನ ಜೊತೆಗಿದ್ದ ಕೊಡಗು ಮೈಸೂರಿನ ಜೊತೆ ಸೇರಿದ್ದೂ ಆಗಲೇ.

ಇಲ್ಲೊಂದು ವಿರೋಧಾಭಾಸ ಇದೆ. ಕ್ಷೇತ್ರಗಳನ್ನು ಮರುವಿಂಗಡಿಸಿದ್ದು 2001ರ ಜನಗಣತಿ ಇಟ್ಟುಕೊಂಡು. ಆದರೆ ಮತದ ಮೌಲ್ಯ ನಿಂತಿರುವುದು 1971ರ ಜನಗಣತಿಯ ಮೇಲೆ. 1971ರಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 3.78 ಲಕ್ಷ. ಸಾವಿರಕ್ಕೆ ಒಂದು ಮತ ಅಂತ ಲೆಕ್ಕ ಹಾಕಿದರೆ 378 ಬರಬೇಕು. ಸಿಗುತ್ತಿರುವುದು 262. ಒಂದು ಗಣತಿ ಸೀಟು ಕಿತ್ತುಕೊಂಡಿತು, ಇನ್ನೊಂದು ಗಣತಿ ಅದನ್ನು ತುಂಬಿಕೊಡಲಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಈ 131ರಿಂದ ಫಲಿತಾಂಶ ಬದಲಾಗುವುದಿಲ್ಲ, ಅದು ಬೇರೆ ಮಾತು. 2022ರಲ್ಲಿ ಒಟ್ಟು ಮೌಲ್ಯ 10,86,431 ಇತ್ತು. ಅದರ ಮುಂದೆ ನಮ್ಮದು ಲೆಕ್ಕಕ್ಕೇ ಸಿಗುವುದಿಲ್ಲ.

ಅಭ್ಯರ್ಥಿ ಬರುವುದು ಕೊರತೆ ಇರುವ ಕಡೆಯಿಂದ

ಈಗ ಹೆಸರಿನ ವಿಷಯಕ್ಕೆ ಬರೋಣ. ಆಳುವ ಕೂಟ ಅಭ್ಯರ್ಥಿಯನ್ನು ಆರಿಸುವಾಗ ಮೊದಲು ಕೇಳಿಕೊಳ್ಳುವುದು "ಯಾರು ಯೋಗ್ಯರು" ಅಂತಲ್ಲ. "ನಮಗೆ ಎಷ್ಟು ಮತ ಕಡಿಮೆ ಇದೆ, ಅದು ಯಾರ ಹತ್ತಿರ ಇದೆ" ಅಂತ. ಹಿಂದಿನ ಐದು ಚುನಾವಣೆ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

2002ರಲ್ಲಿ ವಾಜಪೇಯಿ ಅವರ ಎನ್‌ಡಿಎಗೆ, ಅಂದರೆ ಬಿಜೆಪಿ ಮುಂದಾಳತ್ವದ ಕೂಟಕ್ಕೆ, ಸ್ವಂತ ಬಲ ಸಾಲುತ್ತಿರಲಿಲ್ಲ. ಎ.ಪಿ.ಜೆ. ಅಬ್ದುಲ್ ಕಲಾಂ ಹೆಸರು ಬಂದಾಗ ಮುಲಾಯಂ ಸಿಂಗ್ ಅವರ ಸಮಾಜವಾದಿ ಪಕ್ಷ ಬಂತು, ಆಮೇಲೆ ಕಾಂಗ್ರೆಸ್ಸೂ ಬಂತು. 2007ರಲ್ಲಿ ಕಾಂಗ್ರೆಸ್ ಮುಂದಾಳತ್ವದ ಯುಪಿಎ ಮಹಾರಾಷ್ಟ್ರದ ಪ್ರತಿಭಾ ಪಾಟೀಲ್ ಅವರನ್ನು ನಿಲ್ಲಿಸಿತು. ಎನ್‌ಡಿಎ ಒಳಗಿದ್ದ ಶಿವಸೇನೆ ಆ ಕಡೆ ಹಾರಿತು. 2012ರಲ್ಲಿ ಪ್ರಣವ್ ಮುಖರ್ಜಿ ನಿಂತಾಗ ಶಿವಸೇನೆ ಜೊತೆಗೆ ಜೆಡಿಯು ಕೂಡ ಎನ್‌ಡಿಎ ಬಿಟ್ಟು ಮತ ಹಾಕಿತು. 2017ರಲ್ಲಿ ಬಿಹಾರದ ರಾಜ್ಯಪಾಲರಾಗಿದ್ದ ರಾಮನಾಥ್ ಕೋವಿಂದ್ ಅವರ ಹೆಸರು ಬಂತು. ಆಗ ಲಾಲು ಮತ್ತು ಕಾಂಗ್ರೆಸ್ ಜೊತೆ ಸರ್ಕಾರ ನಡೆಸುತ್ತಿದ್ದ ನಿತೀಶ್ ಕುಮಾರ್, ಕೋವಿಂದ್ ಅವರನ್ನು ಬೆಂಬಲಿಸಿದರು. ಫಲಿತಾಂಶ ಬಂದ ಒಂದೇ ವಾರದಲ್ಲಿ ಕೂಟವನ್ನೇ ಬದಲಿಸಿದರು.

2022ರದ್ದು ಇನ್ನೂ ಸ್ಪಷ್ಟ. ಎನ್‌ಡಿಎ ಅರ್ಧಕ್ಕಿಂತ ಸ್ವಲ್ಪ ಕೆಳಗಿತ್ತು. ಬೇಕಾದ ಮತ ಒಡಿಶಾದ ನವೀನ್ ಪಟ್ನಾಯಕ್ ಅವರ ಬಿಜೆಡಿ ಹತ್ತಿರ ಇತ್ತು. ಅಭ್ಯರ್ಥಿ ಒಡಿಶಾದ ಮಯೂರ್‌ಭಂಜ್‌ನಿಂದ ಬಂದರು. ಮುರ್ಮು ಆದಿವಾಸಿ ಮಹಿಳೆ, ಜಾರ್ಖಂಡ್‌ನ ಮಾಜಿ ರಾಜ್ಯಪಾಲರು. ಹಾಗಾಗಿ ಅಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ನಡೆಸುತ್ತಿದ್ದ ಪ್ರಾದೇಶಿಕ ಪಕ್ಷ ಜೆಎಂಎಂಗೂ ಬೇಡ ಅನ್ನಲಾಗಲಿಲ್ಲ. ಮುರ್ಮು ಅವರಿಗೆ 6,76,803 ಮತ, ವಿರೋಧ ಪಕ್ಷಗಳ ಯಶವಂತ ಸಿನ್ಹಾ ಅವರಿಗೆ 3,80,177.

ಆ ವರ್ಷ ಕರ್ನಾಟಕದಲ್ಲೂ ಒಂದು ಸಣ್ಣ ನಾಟಕ ನಡೆಯಿತು. ಮಮತಾ ಬ್ಯಾನರ್ಜಿ ಜೂನ್ 15ಕ್ಕೆ ಕರೆದ ವಿರೋಧ ಪಕ್ಷಗಳ ಸಭೆಗೆ ದೇವೇಗೌಡರು, ಕುಮಾರಸ್ವಾಮಿ ಹೋಗಿದ್ದರು. ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಒಬ್ಬರಾದ ಮೇಲೊಬ್ಬರು "ನಾನು ನಿಲ್ಲಲ್ಲ" ಅಂದರು. ಕೊನೆಗೆ ಜೆಡಿಎಸ್ ಮತ ಹಾಕಿದ್ದು ಮುರ್ಮು ಅವರಿಗೆ. ಮುರ್ಮು ಮತ್ತು ಸಿನ್ಹಾ ಇಬ್ಬರ ಹೆಸರೂ ಪ್ರಕಟವಾಗಿದ್ದು ಜೂನ್ 21ರಂದು. ಮತದಾನ ಜುಲೈ 18ಕ್ಕೆ. ಅಂದರೆ ಒಂದು ತಿಂಗಳೂ ಇರಲಿಲ್ಲ. ಕೋವಿಂದ್ ಅವರ ಹೆಸರು ಬಂದಿದ್ದು ಕೂಡ ಜೂನ್ 19ಕ್ಕೆ. ವರ್ಷದ ಮೊದಲೇ ಹೆಸರು ಹೇಳುವವರನ್ನು ನಂಬಬೇಕೋ ಬೇಡವೋ ನೀವೇ ನೋಡಿ.

ಈಗಲೇ ಯಾಕೆ ಹೇಳಲು ಆಗಲ್ಲ?

ಕೊರತೆ ಎಷ್ಟು ಅಂತ ಗೊತ್ತಾಗುವುದೇ 2027ರ ಮಾರ್ಚ್ ಹೊತ್ತಿಗೆ. ಪಶ್ಚಿಮ ಬಂಗಾಳ, ತಮಿಳುನಾಡು, ಕೇರಳ, ಅಸ್ಸಾಂಗೆ 2026 ಚುನಾವಣೆಯ ವರ್ಷ. ಉತ್ತರ ಪ್ರದೇಶ, ಪಂಜಾಬ್, ಉತ್ತರಾಖಂಡ, ಗೋವಾ, ಮಣಿಪುರಕ್ಕೆ 2027ರ ಆರಂಭ. ಈ ಒಂಬತ್ತು ರಾಜ್ಯಗಳ ಮತಮೌಲ್ಯ ಕೂಡಿದರೆ ಸುಮಾರು 2.25 ಲಕ್ಷ. ದೇಶದ ಎಲ್ಲ ಶಾಸಕರ ಮತಮೌಲ್ಯದಲ್ಲಿ ಇದು ಐದರಲ್ಲಿ ಎರಡು ಪಾಲು. ಉತ್ತರ ಪ್ರದೇಶ ಒಂದೇ 83,824. ಇದು ಕರ್ನಾಟಕದ 29,344ರ ಮೂರು ಪಟ್ಟಿಗೆ ಹತ್ತಿರ. ಹೂ ಮಳೆ ಬೀಳುವ ಮೊದಲೇ ಕಾಫಿ ಫಸಲು ಎಷ್ಟು ಮೂಟೆ ಅಂತ ಹೇಳಿದ ಹಾಗೆ, ಉತ್ತರ ಪ್ರದೇಶದ ಫಲಿತಾಂಶ ನೋಡದೆ ಅಭ್ಯರ್ಥಿಯ ಹೆಸರು ಹೇಳುವುದು.

ಇಲ್ಲಿಯವರೆಗೆ ಆಗಿರುವ ಬದಲಾವಣೆ ಎರಡೂ ದಿಕ್ಕಿನಲ್ಲಿದೆ. ಲೋಕಸಭೆಯಲ್ಲಿ ಬಿಜೆಪಿ 303ರಿಂದ 240ಕ್ಕೆ ಇಳಿಯಿತು. 63 ಸ್ಥಾನ ಅಂದರೆ ಸುಮಾರು 44,000 ಮತ. ಅದೇ ಹೊತ್ತಿಗೆ ಒಡಿಶಾದಲ್ಲಿ ಅದೇ ಪಕ್ಷದ ಸರ್ಕಾರ ಬಂತು. ಮಹಾರಾಷ್ಟ್ರ, ದೆಹಲಿ ಗೆದ್ದಿತು. 2025ರ ನವೆಂಬರ್‌ನಲ್ಲಿ ಬಿಹಾರದ 243ರಲ್ಲಿ 202 ಸ್ಥಾನ ಎನ್‌ಡಿಎ ಪಾಲಾಯಿತು. ಬಿಜೆಡಿಯ ಹಂಗು ಈಗಿಲ್ಲ. ಬದಲಿಗೆ ಚಂದ್ರಬಾಬು ನಾಯ್ಡು ಅವರ ಟಿಡಿಪಿಯ ಹಂಗು ಇದೆ. ಆಂಧ್ರದಲ್ಲಿ 2024ರಲ್ಲಿ ಗೆದ್ದ ಟಿಡಿಪಿಯ 135 ಶಾಸಕರು ಮತ್ತು 16 ಲೋಕಸಭಾ ಸದಸ್ಯರ ಮತ ಕೂಡಿದರೆ 32,000 ದಾಟುತ್ತದೆ. ಕರ್ನಾಟಕದ ಇಡೀ ವಿಧಾನಸಭೆಗಿಂತ ಜಾಸ್ತಿ! ಚಂದ್ರಬಾಬು ನಾಯ್ಡು ಅವರ ಮಾತಿಗೆ ದೆಹಲಿಯಲ್ಲಿ ಯಾಕೆ ಬೆಲೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಉತ್ತರ ಪ್ರದೇಶದಲ್ಲಿ ಬಿಜೆಪಿ ಚೆನ್ನಾಗಿ ಗೆದ್ದರೆ ಯಾರನ್ನೂ ಕೇಳದೆ ತನ್ನ ಹಳೆಯ ನಿಷ್ಠಾವಂತರೊಬ್ಬರನ್ನು ನಿಲ್ಲಿಸಬಹುದು. ಅಲ್ಲಿ ಎಡವಿದರೆ ಮಿತ್ರಪಕ್ಷಗಳಿಗೆ ಒಪ್ಪಿಗೆಯಾಗುವ, ವಿರೋಧ ಪಕ್ಷಗಳಲ್ಲಿ ಕೆಲವಕ್ಕಾದರೂ ಬೇಡ ಅನ್ನಲಾಗದ ಹೆಸರು ಬೇಕಾಗುತ್ತದೆ.

ಓಡಾಡುವ ಹೆಸರುಗಳನ್ನು ತೂಗಿದರೆ

ಮುರ್ಮು ಅವರೇ ಮತ್ತೆ ನಿಲ್ಲಬಹುದೇ? ಕಾನೂನು ಅಡ್ಡ ಬರುವುದಿಲ್ಲ. 57ನೇ ವಿಧಿ ಮರು ಆಯ್ಕೆಗೆ ಅವಕಾಶ ಕೊಡುತ್ತದೆ. ಆದರೆ ಎರಡು ಸಲ ಚುನಾಯಿತರಾದವರು ಬಾಬು ರಾಜೇಂದ್ರ ಪ್ರಸಾದ್ ಒಬ್ಬರೇ, 1952 ಮತ್ತು 1957ರಲ್ಲಿ. ಕೋವಿಂದ್ ಅವರಿಗೂ ಬಿಜೆಪಿ ಎರಡನೇ ಅವಕಾಶ ಕೊಡಲಿಲ್ಲ.

ಉಪರಾಷ್ಟ್ರಪತಿ ಸಿ.ಪಿ. ರಾಧಾಕೃಷ್ಣನ್ ಅವರ ಹೆಸರಿಗೆ ಹಳೆಯ ಸಂಪ್ರದಾಯದ ಬಲ ಇದೆ. ಸರ್ವಪಲ್ಲಿ ರಾಧಾಕೃಷ್ಣನ್, ಜಾಕೀರ್ ಹುಸೇನ್, ವಿ.ವಿ. ಗಿರಿ, ವೆಂಕಟರಾಮನ್, ಶಂಕರ ದಯಾಳ್ ಶರ್ಮಾ, ನಾರಾಯಣನ್ ಎಲ್ಲರೂ ಉಪರಾಷ್ಟ್ರಪತಿಯಾಗಿದ್ದವರು. ಆದರೆ ಆ ಸಂಪ್ರದಾಯ 1997ಕ್ಕೇ ನಿಂತಿತು. ಶೆಖಾವತ್ 2007ರಲ್ಲಿ ನಿಂತು ಸೋತರು. ಹಮೀದ್ ಅನ್ಸಾರಿ, ವೆಂಕಯ್ಯ ನಾಯ್ಡು ಅವರಿಗೆ ಅವಕಾಶವೇ ಬರಲಿಲ್ಲ. ಇವರನ್ನು ಮೇಲೆ ಕಳಿಸಿದರೆ ಇನ್ನೊಂದು ಉಪರಾಷ್ಟ್ರಪತಿ ಚುನಾವಣೆಯನ್ನೂ ನಡೆಸಬೇಕಾಗುತ್ತದೆ. ಹಿಂದಿನ ಉಪರಾಷ್ಟ್ರಪತಿ ಧನಕರ್ ರಾಜೀನಾಮೆಯಿಂದ 2025ರಲ್ಲಿ ಒಂದು ಆಗಲೇ ನಡೆದಿದೆ.

ರಾಜ್ಯಪಾಲರ ದಾರಿ ಈಚೆಗೆ ಹೆಚ್ಚು ಫಲ ಕೊಟ್ಟಿದೆ. ಪಾಟೀಲ್, ಕೋವಿಂದ್, ಮುರ್ಮು ಮೂವರೂ ರಾಜಭವನದಲ್ಲಿ ಇದ್ದು ಬಂದವರು. ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಕೂಡ ಹಾಗೆಯೇ. 2021ರಲ್ಲಿ ಕರ್ನಾಟಕಕ್ಕೆ ರಾಜ್ಯಪಾಲರಾಗಿ ಬಂದ ಥಾವರಚಂದ್ ಗೆಹ್ಲೋಟ್ ಅವರ ಹೆಸರನ್ನು ಯಾರಾದರೂ ಹೇಳಿದರೆ ಅದಕ್ಕೆ ಈ ಹಿನ್ನೆಲೆ. ಮಧ್ಯಪ್ರದೇಶದ ಹಿರಿಯ ದಲಿತ ನಾಯಕ, ಕೇಂದ್ರದಲ್ಲಿ ಮಂತ್ರಿಯಾಗಿದ್ದವರು. ಆದರೆ ಮಧ್ಯಪ್ರದೇಶದಲ್ಲಿ ಬಿಜೆಪಿಗೆ ಹೊಸದಾಗಿ ಸೆಳೆಯಬೇಕಾದ ಪ್ರಾದೇಶಿಕ ಪಕ್ಷ ಯಾವುದೂ ಇಲ್ಲ. ಸ್ವಂತ ಬಲ ಸಾಕಾದಾಗ ಮಾತ್ರ ಇಂಥ ಹೆಸರಿಗೆ ದಾರಿ.

ವಿರೋಧ ಪಕ್ಷಗಳ ಕಡೆ ಕೇಳುವ ಮಲ್ಲಿಕಾರ್ಜುನ ಖರ್ಗೆ ಅವರ ಹೆಸರು ಅಷ್ಟೇನೂ ನಂಬುವಂಥದ್ದಲ್ಲ. ಸೋಲುವ ಸಾಧ್ಯತೆ ಹೆಚ್ಚಿರುವ ಸ್ಪರ್ಧೆಗೆ ಪಕ್ಷದ ಅಧ್ಯಕ್ಷರನ್ನೇ ಇಳಿಸುವುದು ಕಷ್ಟ. 2017ರಲ್ಲಿ ನಿಂತ ಮೀರಾ ಕುಮಾರ್, 2022ರಲ್ಲಿ ನಿಂತ ಯಶವಂತ ಸಿನ್ಹಾ ಇಬ್ಬರೂ ಪಕ್ಷದ ಅಧ್ಯಕ್ಷರಾಗಿರಲಿಲ್ಲ. 1933ರಲ್ಲಿ ಹುಟ್ಟಿದ ದೇವೇಗೌಡರಿಗೆ 2027ರ ಮೇ ತಿಂಗಳಿಗೆ 94 ತುಂಬುತ್ತದೆ. ಆ ಮಾತು ಅಷ್ಟಕ್ಕೇ ಬಿಡೋಣ.

ಕನ್ನಡಿಗರ ಸರದಿ ಯಾಕೆ ಬರಲ್ಲ?

ಕರ್ನಾಟಕದಿಂದ ಇಲ್ಲಿಯವರೆಗೆ ಯಾರೂ ರಾಷ್ಟ್ರಪತಿಯಾಗಿ ಚುನಾಯಿತರಾಗಿಲ್ಲ. ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿ 1977ರಲ್ಲಿ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿಯಾಗಿದ್ದರು, ಅಷ್ಟೇ. ತಮಿಳುನಾಡು, ಆಂಧ್ರ, ಕೇರಳ ಮೂರೂ ಕಡೆಯವರು ಆಗಿದ್ದಾರೆ. 2007ರಲ್ಲಿ ಕಲಾಂ ಇಳಿದ ಮೇಲೆ ದಕ್ಷಿಣದವರೇ ಆಗಿಲ್ಲ.

ಇದನ್ನು ದೆಹಲಿಯ ತಾತ್ಸಾರ ಅಂತ ಬೈಯುವುದು ಸುಲಭ. ಲೆಕ್ಕ ಬೇರೆ ಕಾರಣ ತೋರಿಸುತ್ತದೆ. ತವರಿನ ಅಭ್ಯರ್ಥಿ ಅಂತ ಕೂಟ ದಾಟಿ ಬಂದವರು ಯಾರು? ಶಿವಸೇನೆ, ಬಿಜೆಡಿ. ಇವು ಪ್ರಾದೇಶಿಕ ಪಕ್ಷಗಳು. ಕಾಂಗ್ರೆಸ್ಸೂ ಬಿಜೆಪಿಯೂ ತಮ್ಮ ರಾಜ್ಯದವರು ಅಂತ ಎದುರು ಪಕ್ಷದ ಅಭ್ಯರ್ಥಿಗೆ ಮತ ಹಾಕುವುದಿಲ್ಲ. ಕರ್ನಾಟಕದ 224ರಲ್ಲಿ 2023ರಲ್ಲಿ ಕಾಂಗ್ರೆಸ್ 135, ಬಿಜೆಪಿ 66 ಗೆದ್ದವು. ಉಳಿದ ಪ್ರಾದೇಶಿಕ ಪಕ್ಷ ಜೆಡಿಎಸ್ 19. ಅದರ ಶಾಸಕರು, ಇಬ್ಬರು ಲೋಕಸಭಾ ಸದಸ್ಯರು ಎಲ್ಲ ಸೇರಿದರೆ ನಾಲ್ಕು ಸಾವಿರದ ಆಸುಪಾಸು. ಅದೂ ಆಗಲೇ ಎನ್‌ಡಿಎ ಒಳಗಿದೆ. ಹಾಗಿರುವಾಗ ಕನ್ನಡಿಗರೊಬ್ಬರನ್ನು ನಿಲ್ಲಿಸಿದರೆ ಹೊಸದಾಗಿ ಬರುವ ಮತ ಎಷ್ಟು? ಹೆಚ್ಚು ಕಡಿಮೆ ಸೊನ್ನೆ. ರಾಷ್ಟ್ರೀಯ ಪಕ್ಷಗಳಿಗೆ ಗಟ್ಟಿಯಾಗಿ ಅಂಟಿಕೊಂಡ ರಾಜ್ಯವನ್ನು ಯಾರೂ ಓಲೈಸಬೇಕಾಗಿಲ್ಲ.

ಇದಕ್ಕೆ ಎದುರು ವಾದವೂ ಇದೆ. 2025ರ ಸೆಪ್ಟೆಂಬರ್‌ನ ಉಪರಾಷ್ಟ್ರಪತಿ ಚುನಾವಣೆಯಲ್ಲಿ ತಮಿಳುನಾಡಿನ ರಾಧಾಕೃಷ್ಣನ್ ವಿರುದ್ಧ ತೆಲಂಗಾಣದ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿ ನಿಂತರು. ತಮಿಳರ ಡಿಎಂಕೆ ರೆಡ್ಡಿಗೆ ಮತ ಹಾಕಿತು. ತೆಲುಗರ ಟಿಡಿಪಿ, ವೈಎಸ್‌ಆರ್ ಕಾಂಗ್ರೆಸ್ ಎರಡೂ ರಾಧಾಕೃಷ್ಣನ್‌ಗೆ ಹಾಕಿದವು. ಭಾಷೆಯ ಅಭಿಮಾನ ಪ್ರಾದೇಶಿಕ ಪಕ್ಷಗಳಲ್ಲೂ ಕೆಲಸ ಮಾಡಲಿಲ್ಲ. ರಾಧಾಕೃಷ್ಣನ್ ಗೆದ್ದರು, 452ಕ್ಕೆ 300. ಮುಂದೆಯೂ ಹೀಗೇ ಆದರೆ ತವರಿನ ಲೆಕ್ಕಕ್ಕಿಂತ ಕೂಟದ ಲೆಕ್ಕವೇ ದೊಡ್ಡದಾಗುತ್ತದೆ. ಆಗಂತೂ ಕರ್ನಾಟಕಕ್ಕೆ ಇನ್ನೂ ಕಷ್ಟ.

ಕೊಡಗಿನಲ್ಲಿ ಸೇನೆಯ ಪ್ರಶ್ನೆಯೂ ಏಳುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನೆಲ. ಸೇನೆಯ ಮಹಾದಂಡನಾಯಕರು ರಾಷ್ಟ್ರಪತಿಯೇ. 2021ರ ಫೆಬ್ರವರಿಯಲ್ಲಿ ಮಡಿಕೇರಿಯ ಸನ್ನಿಸೈಡ್‌ನಲ್ಲಿ ತಿಮ್ಮಯ್ಯ ವಸ್ತುಸಂಗ್ರಹಾಲಯ ಉದ್ಘಾಟಿಸಿದ್ದೂ ರಾಷ್ಟ್ರಪತಿ ಕೋವಿಂದ್. ಹಾಗಾದರೆ ಒಬ್ಬ ಜನರಲ್ ಯಾಕೆ ಆ ಕುರ್ಚಿಗೆ ಹೋಗಿಲ್ಲ? ಉತ್ತರ ಮತ್ತೆ ಅದೇ. ಜನರಲ್ ಜೊತೆ ಗೌರವ ಬರುತ್ತದೆ, ಪಕ್ಷದ ಮತ ಬರುವುದಿಲ್ಲ. 2002ರಲ್ಲಿ ಎಡಪಕ್ಷಗಳು ಆಜಾದ್ ಹಿಂದ್ ಫೌಜ್‌ನ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರನ್ನು ನಿಲ್ಲಿಸಿದ್ದವು. ಕಲಾಂ ಅವರ 9,22,884ರ ಎದುರು ಅವರಿಗೆ ಬಂದಿದ್ದು 1,07,366.

ಸ್ವತಂತ್ರವಾಗಿ ನಿಲ್ಲುವ ದಾರಿಯೂ ಮುಚ್ಚಿದೆ. 1967ರಲ್ಲಿ 17 ಜನ ಕಣದಲ್ಲಿದ್ದರು. ಸುಮ್ನೆ ಹೆಸರಿಗಾಗಿ ನಿಲ್ಲುವವರನ್ನು ತಡೆಯಲು 1974ರಲ್ಲಿ 10 ಸೂಚಕರು ಬೇಕು ಅಂತ ಮಾಡಿದರು. 1997ರಲ್ಲಿ ಅದು 50 ಸೂಚಕರು, 50 ಅನುಮೋದಕರು ಅಂತಾಯಿತು. ಎಲ್ಲರೂ ಶಾಸಕರೋ ಸಂಸದರೋ ಆಗಿರಬೇಕು. ಒಬ್ಬರು ಒಂದೇ ಅಭ್ಯರ್ಥಿಗೆ ಸಹಿ ಹಾಕಬಹುದು.

1971ರ ತಕ್ಕಡಿ ಬದಲಾದರೆ

ಈ ಎಲ್ಲ ಲೆಕ್ಕ ಐವತ್ತು ವರ್ಷ ಹಳೆಯ ಜನಗಣತಿಯ ಮೇಲೆ ನಿಂತಿದೆ. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಅನ್ಯಾಯ ಆಗಬಾರದು ಅಂತ 1976ರ 42ನೇ ತಿದ್ದುಪಡಿ 1971ರ ಅಂಕಿಯನ್ನು ಕಟ್ಟಿಹಾಕಿತು. 84ನೇ ತಿದ್ದುಪಡಿ ಅದನ್ನು ಮುಂದುವರಿಸಿತು. 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಇದೇ ಇರುತ್ತದೆ ಅಂದಿತು. ಆ ಜನಗಣತಿಗೆ ಸರ್ಕಾರ ಗೊತ್ತು ಮಾಡಿದ ದಿನ 2027ರ ಮಾರ್ಚ್ 1. ರಾಷ್ಟ್ರಪತಿ ಚುನಾವಣೆಗೆ ಬರೀ ನಾಲ್ಕೂವರೆ ತಿಂಗಳು ಮೊದಲು!

2011ರಲ್ಲಿ ಎಣಿಕೆ ಮುಗಿದ ಒಂದೇ ತಿಂಗಳಲ್ಲಿ ತಾತ್ಕಾಲಿಕ ಅಂಕಿ ಬಂದಿತ್ತು. ಈ ಸಲವೂ ಹಾಗಾದರೆ "ಪ್ರಕಟವಾದ ಅಂಕಿ" ಅಂದರೆ ತಾತ್ಕಾಲಿಕವೋ ಅಂತಿಮವೋ ಅಂತ ವಾದ ಏಳಬಹುದು. ಅಷ್ಟು ಬೇಗ ಲೆಕ್ಕ ಬದಲಿಸುವ ಸಾಹಸಕ್ಕೆ ಯಾರೂ ಕೈ ಹಾಕಲಿಕ್ಕಿಲ್ಲ. 2027ರದ್ದು 1971ರ ತಕ್ಕಡಿಯಲ್ಲಿ ತೂಗುವ ಕೊನೆಯ ಚುನಾವಣೆ ಆಗುವ ಸಾಧ್ಯತೆಯೇ ಹೆಚ್ಚು.

ಬದಲಾದ ಮೇಲೆ ಏನಾಗುತ್ತದೆ ಅಂತ ತಿಳಿಯಲು 2011ರ ಅಂಕಿ ಹಾಕಿ ನೋಡಬಹುದು. ಕರ್ನಾಟಕದ ಶಾಸಕರ ಮತ 131ರಿಂದ 273 ಆಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಉತ್ತರ ಪ್ರದೇಶದ್ದು 208ರಿಂದ 496 ಆಗುತ್ತದೆ. ಈಗ ಅಲ್ಲಿನ ಶಾಸಕರ ನೂರು ಮತಕ್ಕೆ ನಮ್ಮವರದು 63. ಆಗ 55ಕ್ಕೆ ಇಳಿಯುತ್ತದೆ. ಕೇರಳಕ್ಕೆ ಇನ್ನೂ ದೊಡ್ಡ ಪೆಟ್ಟು, 73ರಿಂದ 48ಕ್ಕೆ. ಆಗ ಬೇಕಾದ ಮತವನ್ನು ಹುಡುಕಿಕೊಂಡು ದಕ್ಷಿಣಕ್ಕೆ ಬರುವ ಅಗತ್ಯವೇ ಕಡಿಮೆಯಾಗುತ್ತದೆ. ದಕ್ಷಿಣದ ಅಭ್ಯರ್ಥಿಯ ಸಾಧ್ಯತೆಯೂ ಅದರ ಜೊತೆಗೇ ತಗ್ಗುತ್ತದೆ.

ಕೊಡಗಿನ ಸ್ಥಿತಿ ಮಾತ್ರ ವಿಚಿತ್ರ. 2001ರಲ್ಲಿ ಇಲ್ಲಿ 5.48 ಲಕ್ಷ ಜನ ಇದ್ದರು, 2011ರಲ್ಲಿ 5.54 ಲಕ್ಷ. ಹತ್ತು ವರ್ಷಕ್ಕೆ ಶೇಕಡ 1ರಷ್ಟು ಬೆಳವಣಿಗೆ. ಆದರೂ ಕೊಡಗಿನ ಶಾಸಕರ ಮತದ ಬೆಲೆ ಏರುತ್ತದೆ, ಯಾಕೆಂದರೆ ಅದು ರಾಜ್ಯದ ಸರಾಸರಿ. ಬೆಂಗಳೂರು ಬೆಳೆದಷ್ಟೂ ವಿರಾಜಪೇಟೆಯ ಮತ ಭಾರವಾಗುತ್ತದೆ. ಇದರ ಇನ್ನೊಂದು ಮುಖ ಅಷ್ಟು ಹಿತವಾಗಿಲ್ಲ. ಒಂದು ಕ್ಷೇತ್ರಕ್ಕೆ ಸರಾಸರಿ 2.73 ಲಕ್ಷ ಜನ ಅಂದರೆ ಕೊಡಗಿಗೆ ಸರಿಯಾಗಿ ಎರಡು ಕ್ಷೇತ್ರ. ಸೀಟು ಅಷ್ಟೇ ಇದ್ದು ಸರಾಸರಿ ಮೇಲೆ ಹೋದರೆ ಎರಡಕ್ಕೂ ಜನ ಸಾಲದೆ ಪಕ್ಕದ ಜಿಲ್ಲೆಯ ಹಳ್ಳಿಗಳನ್ನು ಸೇರಿಸಬೇಕಾಗಬಹುದು.

ಯಾರು ಬಂದರೆ ನಮಗೇನು?

ಹುದ್ದೆ ಬರೀ ಅಲಂಕಾರಕ್ಕೆ ಅನ್ನುವ ಮಾತು ಅರ್ಧ ಸರಿ. ಉಳಿದರ್ಧ ಎರಡು ಕಡೆ ಕಾಣುತ್ತದೆ. ಮೊದಲನೆಯದು ಅತಂತ್ರ ಲೋಕಸಭೆ. ಈಗ ಆರಿಸಿ ಬರುವವರು 2032ರವರೆಗೆ ಇರುತ್ತಾರೆ. 2029ರ ಚುನಾವಣೆಯ ನಂತರ ಸರ್ಕಾರ ರಚಿಸಲು ಮೊದಲು ಯಾರನ್ನು ಕರೆಯಬೇಕು ಅಂತ ತೀರ್ಮಾನಿಸುವುದು ಅವರೇ. 1996ರಲ್ಲಿ ಶಂಕರ ದಯಾಳ್ ಶರ್ಮಾ ಅತಿ ದೊಡ್ಡ ಪಕ್ಷ ಅಂತ ವಾಜಪೇಯಿ ಅವರನ್ನು ಕರೆದರು. ಆ ಸರ್ಕಾರ 13 ದಿನಕ್ಕೆ ಬಿತ್ತು, ದೇವೇಗೌಡರು ಪ್ರಧಾನಿಯಾದರು. 1998ರಲ್ಲಿ ನಾರಾಯಣನ್ ಮೊದಲು ಬೆಂಬಲದ ಪತ್ರ ತೋರಿಸಿ ಅಂದರು. ಸಂವಿಧಾನ ಅದೇ, ಕುರ್ಚಿಯಲ್ಲಿದ್ದವರು ಬೇರೆ.

ಎರಡನೆಯದು ರಾಜ್ಯಗಳ ಮಸೂದೆ. ರಾಜ್ಯಪಾಲರು ಒಂದು ಮಸೂದೆಯನ್ನು ರಾಷ್ಟ್ರಪತಿಗೆ ಕಳಿಸಿದರೆ ಅದು ಅಲ್ಲಿ ಎಷ್ಟು ದಿನ ಬೇಕಾದರೂ ಕೂರಬಹುದು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಗಡುವು ಹಾಕಿತ್ತು. ಮುರ್ಮು 14 ಪ್ರಶ್ನೆ ಕಳಿಸಿ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 20ರಂದು ಐವರ ಪೀಠ "ಗಡುವು ಹಾಕಲು ಬರುವುದಿಲ್ಲ" ಅಂದಿತು. ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷ ಇದ್ದಾಗಲೆಲ್ಲ ಈ ಬಾಗಿಲು ಮುಖ್ಯವಾಗುತ್ತದೆ.

ಅತಿಯಾದ ನಿರೀಕ್ಷೆಯೂ ಬೇಡ. ಪರಿಶಿಷ್ಟ ಪಂಗಡದ ಪಟ್ಟಿ ಹೊರಡುವುದು ರಾಷ್ಟ್ರಪತಿಯ ಹೆಸರಿನಲ್ಲಿ ಹೌದು. ಆದರೆ ಪಟ್ಟಿಗೆ ಯಾರನ್ನಾದರೂ ಸೇರಿಸಬೇಕಾದರೆ ಸಂಸತ್ತೇ ಕಾನೂನು ಮಾಡಬೇಕು. ಆದಿವಾಸಿ ರಾಷ್ಟ್ರಪತಿ ಬಂದ ಮೇಲೂ ನಾಗರಹೊಳೆಯ ಜೇನುಕುರುಬರ ಅರಣ್ಯ ಹಕ್ಕಿನ ಹೋರಾಟ ತಾಲೂಕು, ಜಿಲ್ಲಾ ಸಮಿತಿಗಳ ಮಟ್ಟದಲ್ಲೇ ನಡೆಯುತ್ತಿದೆ.

ವಿಪ್ ಇಲ್ಲ, ಗುಟ್ಟು ಇದೆ

ಕೊನೆಗೆ ನಮ್ಮ ಶಾಸಕರ ಕಡೆ ತಿರುಗೋಣ. ಈ ಚುನಾವಣೆಯಲ್ಲಿ ಪಕ್ಷ ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಅನ್ನುವ ಆದೇಶ, ಕೊಡುವ ಹಾಗಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲಿಗೆ ಅನ್ವಯಿಸುವುದಿಲ್ಲ. ರಾಜ್ಯಸಭೆ ಚುನಾವಣೆಯಲ್ಲಿ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕು. ಅದಕ್ಕೇ 2024ರಲ್ಲಿ ಬಿಜೆಪಿಯ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್‌ಗೆ ಹಾಕಿದ್ದು ಅವತ್ತೇ ಊರಿಗೆಲ್ಲ ಗೊತ್ತಾಯಿತು. ರಾಷ್ಟ್ರಪತಿ ಚುನಾವಣೆ ಪೂರ್ತಿ ರಹಸ್ಯ. ಶಾಸಕರಿಗೆ ಗುಲಾಬಿ ಬಣ್ಣದ ಮತಪತ್ರ, ಸಂಸದರಿಗೆ ಹಸಿರು. ಬರೆಯಲು ಆಯೋಗವೇ ಕೊಡುವ ಪೆನ್ನು.

ಗುಟ್ಟು ಇರುವ ಕಡೆ ಮತ ಜಾರುತ್ತದೆ. 1969ರಲ್ಲಿ ಕಾಂಗ್ರೆಸ್ ಬೆಂಗಳೂರಿನಲ್ಲೇ ಸಭೆ ಸೇರಿ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿತು. ಆ ಆಯ್ಕೆ ಒಪ್ಪದ ಇಂದಿರಾ ಗಾಂಧಿ "ಆತ್ಮಸಾಕ್ಷಿಯಂತೆ ಮತ ಹಾಕಿ" ಅಂದರು. ಎರಡನೇ ಪ್ರಾಶಸ್ತ್ಯದ ಮತಗಳವರೆಗೆ (ಮೊದಲ ಆಯ್ಕೆ ಯಾರು, ಎರಡನೆಯದು ಯಾರು ಅಂತ ಮತಪತ್ರದಲ್ಲಿ ಗುರುತು ಹಾಕಿರುತ್ತಾರೆ) ಎಣಿಸಿ ವಿ.ವಿ. ಗಿರಿ ಗೆದ್ದರು, 4,20,077ಕ್ಕೆ 4,05,427. ಕೆಲವೇ ತಿಂಗಳಲ್ಲಿ ಪಕ್ಷವೇ ಒಡೆಯಿತು. 2012ರಲ್ಲಿ ಕರ್ನಾಟಕದಲ್ಲಿ ಬಿಜೆಪಿ ಸರ್ಕಾರ ಇತ್ತು. ಆದರೂ ಇಲ್ಲಿ ಪ್ರಣವ್ ಮುಖರ್ಜಿಗೆ 117 ಶಾಸಕರ ಮತ, ಬಿಜೆಪಿ ಬೆಂಬಲಿಸಿದ ಪಿ.ಎ. ಸಂಗ್ಮಾಗೆ 103. ಮುಖರ್ಜಿ ಬಂಗಾಳದವರು, ಸಂಗ್ಮಾ ಮೇಘಾಲಯದವರು. ಇಲ್ಲಿ ನಾಡಿನ ಅಭಿಮಾನದ ಪ್ರಶ್ನೆಯೇ ಇರಲಿಲ್ಲ. ಅದೇ ತಿಂಗಳು ಸದಾನಂದ ಗೌಡರನ್ನು ಇಳಿಸಿ ಶೆಟ್ಟರ್ ಅವರನ್ನು ಕೂರಿಸಿದ ಜಗಳದ ಬಿಸಿ ಅದು.

2027ರಲ್ಲೂ ಕರ್ನಾಟಕದ ಮತ ಜಾರಿದರೆ ಅಭ್ಯರ್ಥಿ ಯಾರು ಅನ್ನುವುದಕ್ಕಿಂತ ಆಗ ಪಕ್ಷಗಳೊಳಗೆ ಎಷ್ಟು ಮುನಿಸು ಇದೆ ಅನ್ನುವುದೇ ಕಾರಣ ಆಗಿರುತ್ತದೆ. ಅಧಿಸೂಚನೆ ಮೇ ಕೊನೆಯ ವಾರದ ನಂತರ ಬರುತ್ತದೆ. ಮತದಾನ ಬಹುಶಃ ಜುಲೈ ಮಧ್ಯದಲ್ಲಿ. ಕೊಡಗಿನಲ್ಲಿ ಅದು ಮಳೆಗಾಲದ ಕಕ್ಕಡ ತಿಂಗಳು ಹಿಡಿಯುವ ಹೊತ್ತು. ಯಾರೂ ಶುಭ ಕಾರ್ಯ ಇಟ್ಟುಕೊಳ್ಳುವುದಿಲ್ಲ, ವಿಧಾನಸೌಧಕ್ಕೆ ಹೋಗಿ ಬರಲು ಶಾಸಕರಿಗೆ ಬಿಡುವು ಇರುತ್ತದೆ. ಎಣಿಕೆಯಾದಾಗ ಯಾರು ಯಾರಿಗೆ ಹಾಕಿದರು ಅಂತ ಗೊತ್ತಾಗುವುದಿಲ್ಲ. ರಾಜ್ಯವಾರು ಎಷ್ಟು ಮತ ಬಂತು ಅನ್ನುವುದು ಗೊತ್ತಾಗುತ್ತದೆ. ಕಡಿಮೆ ಬಿದ್ದರೆ ಅನುಮಾನ ಎಲ್ಲರ ಮೇಲೂ ಸುಳಿಯುತ್ತದೆ. ಅದಾಗಿ ಹತ್ತು ತಿಂಗಳೊಳಗೆ ಕರ್ನಾಟಕ ವಿಧಾನಸಭೆಯ ಚುನಾವಣೆ, 2028ರ ಮೇ ಒಳಗೆ. ಟಿಕೆಟ್ ಹಂಚುವವರ ಕೈಯಲ್ಲಿ ಆ ಅನುಮಾನದ ಪಟ್ಟಿಯೂ ಇರುತ್ತದೆ.